ಮುನಿಯಪ್ಪನ ಕಣದ ಮೇಲೆ ಓಡಿದ ಕಾರು

ನಾನು ನಿಂತಿದ್ದದ್ದು ಮೋರಿಯ ಕಟ್ಟೆಯ ಮೇಲೆ. ಜಯನಗರದ ತೆಂಕಣ ಅಂಚಿನಲ್ಲಿ, ಸಾರಕ್ಕಿ ಊರಿನವರ ಹೊಲಗಳ ಮೇಲೆ ಆಗಷ್ಟೇ ಹಾಸಿದ್ದ ಟಾರು ರಸ್ತೆ ಎಡಕ್ಕೆ ತಿರುಗುವ ಜಾಗಕ್ಕಿಂತ ನೂರಿಪ್ಪತ್ತು ಅಡಿ ಹಿಂದೆ ಆ ಮೋರಿ ಇತ್ತು. ಸಾವಿರದ ಒಂಬೈನೂರ ಅರವತ್ತನೆಯ ಇಸವಿ, ಡಿಸೆಂಬರ್ ಹದಿನೆಂಟು, ಭಾನುವಾರ. ಬೆಳಗ್ಗೆ ಏಳು ಗಂಟೆ ಐವತ್ತೊಂದು ನಿಮಿಷ. ಬಲಗೈಯಲ್ಲಿ ಪೆನ್ಸಿಲ್ಲು, ಎಡಗೈಯಲ್ಲಿ ಸ್ಟಾಪ್ ವಾಚು, ಎಡ ಮೊಣಕೈ ಮಡಿಚಿ ಅದರ ಮೇಲೆ ಫೀಲ್ಡ್ ಬುಕ್ಕು. ಬಿಸಿಲು ನನ್ನ ಎಡಕೆನ್ನೆಗೆ ಬೀಳುತ್ತಿತ್ತು. ಇಷ್ಟನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ.

ಹೋದ ತಿಂಗಳು ಹಲ್ಲು ಕೀಳಿಸಿಕೊಳ್ಳಲು ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಎರಡನೆಯ ಮಹಡಿ. ಸರದಿಗೆ ಕಾಯುತ್ತ ಕಿಟಕಿಯಿಂದ ನೋಡಿದರೆ ಕೆಳಗೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಸುತ್ತ ಇದ್ದದ್ದೆಲ್ಲ ಬದಲಾಗಿದೆ. ಬ್ಯಾಂಕು, ಬೇಕರಿ, ಮೊಬೈಲ್ ಅಂಗಡಿ. ಆದರೆ ರಸ್ತೆಯ ತಿರುವು ಬದಲಾಗುವುದಿಲ್ಲ. ಅಳತೆಯ ಸರಪಳಿ ಹಿಡಿದು ಆ ತಿರುವಿಗೆ ಗೂಟ ಹೊಡೆದವನು ನಾನು. ನನಗೆ ಗುರುತು ಸಿಕ್ಕಿತು. ಅಲ್ಲಿಂದ ಈ ಬರಹ.

ಆಗ ನನಗೆ ಇಪ್ಪತ್ತಾರು. ಬಡಾವಣೆಯ ರಸ್ತೆ ಕೆಲಸಕ್ಕೆ ಓವರ್ಸಿಯರ್. ಮನೆ ಬಸವನಗುಡಿಯಲ್ಲಿ, ಬೆಳಗ್ಗೆ ಆರಕ್ಕೆ ಸೈಕಲ್ ಹತ್ತಿದರೆ ಆರೂವರೆಗೆ ಕೆಲಸದ ಜಾಗ. ಹೊಸ ರಸ್ತೆಗಳಲ್ಲಿ ನಾಲ್ಕು ಸೇರಿ ಒಂದು ಉದ್ದ ಚೌಕವಾಗುತ್ತಿತ್ತು. ಸುತ್ತಳತೆ ಒಂದೂಕಾಲು ಮೈಲಿ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆ ಒಂದೂ ಎದ್ದಿರಲಿಲ್ಲ. ಆ ಮಾಗಿಯಲ್ಲಿ ಚಳಿ ಜಾಸ್ತಿ. ಕೆರೆಯ ಕಡೆಯಿಂದ ಮಂಜು ಎದ್ದು ರಸ್ತೆಯ ಮೇಲೆ ಮೊಣಕಾಲುದ್ದ ನಿಂತಿರುತ್ತಿತ್ತು. ಬದಿಯ ಹೊಲದಲ್ಲಿ ಅವರೆ ಬಿಟ್ಟಿತ್ತು. ಸೊಗಡಿನ ವಾಸನೆ ಹೊಸ ಟಾರಿನ ವಾಸನೆಯ ಜೊತೆ ಸೇರುತ್ತಿತ್ತು.

ನವೆಂಬರ್ ಕೊನೆಯಲ್ಲಿ ಒಂದು ಬೆಳಗ್ಗೆ ಆ ರಸ್ತೆಗೆ ಡನ್‌ಫರ್ಡ್ ಬಂದರು. ಇಂಗ್ಲೆಂಡಿನವರು, ನಲವತ್ತರ ಆಚೀಚೆ. ಊರಾಚೆಯ ಒಂದು ಕಾರ್ಖಾನೆಯಲ್ಲಿ ಎಂಜಿನ್ನುಗಳನ್ನು ಪರೀಕ್ಷೆ ಮಾಡುವುದನ್ನು ಕಲಿಸಲು ಬಂದು ಎರಡು ವರ್ಷವಾಗಿತ್ತು. ಬಲಗಾಲು ಎಳೆದು ನಡೆಯುತ್ತಿದ್ದರು. ಖಾಲಿ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸ ಮಾಡಿಕೊಳ್ಳಲು ನಮ್ಮ ಮೇಲಧಿಕಾರಿಗಳಿಂದ ಅಪ್ಪಣೆ ಚೀಟಿ ತಂದಿದ್ದರು. ನಾನು ಚೀಟಿ ಓದಿ, ಮಡಿಸಿ, ಜೇಬಿಗಿಟ್ಟುಕೊಂಡೆ. ಅವರು ತಮ್ಮ ಹಳೆಯ ದಪ್ಪ ಮನೆ ಕಾರಿನಲ್ಲಿ ಹೊರಟರು. ಮೊದಲನೆಯ ಸುತ್ತಿನಲ್ಲೇ, ಮೋರಿಯ ಹತ್ತಿರ, ಕಾರು ಎಡಕ್ಕೂ ಬಲಕ್ಕೂ ಜಾರಿ ಅಡ್ಡ ನಿಂತಿತು. ರಸ್ತೆಯ ತುಂಬ ಹುರಳಿ ಗಿಡ ಹರಡಿತ್ತು.

ಹರಡಿದವರು ಸಾರಕ್ಕಿಯ ಮುನಿಯಪ್ಪ. ಅರವತ್ತು ದಾಟಿದ ರೈತ. ಕಿತ್ತು ಒಣಗಿಸಿದ ಹುರಳಿಯನ್ನು ರಸ್ತೆಗೆ ಹಾಸಿದರೆ ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಮುನಿಯಪ್ಪ ಆ ಜಾಗ ಬಿಟ್ಟು ಬೇರೆಲ್ಲೂ ಹಾಸುತ್ತಿರಲಿಲ್ಲ. ಅವರ ತಾತನ ಕಾಲದಿಂದ ಅವರ ಮನೆಯ ಕಣ ಇದ್ದದ್ದು ಸರಿಯಾಗಿ ಅಲ್ಲಿ. ನಾನೇ ಗೂಟ ಹೊಡೆಸಿ, ಜಲ್ಲಿ ಸುರಿಸಿ, ಅದರ ಮೇಲೆ ಟಾರು ಹಾಕಿಸಿದ್ದೆ.

ಡನ್‌ಫರ್ಡ್ ಕಾರಿನಿಂದಿಳಿದು ಹುರಳಿಯ ಮೇಲೆ ಎರಡು ಹೆಜ್ಜೆ ನಡೆದಿದ್ದರು. ಮುನಿಯಪ್ಪ ದೂರದಿಂದಲೇ ದೊಣ್ಣೆ ಎತ್ತಿಕೊಂಡು ಬಂದರು.

"ಓವರ್ಸೀರ್ ಸಾಮಿ, ಯಾರ್ ಸಾಮಿ ಇವ್ನು? ಕಣದ್ ಮ್ಯಾಲೆ ಕೆರ ಮೆಟ್ಕಂಡ್ ನಡೀತಾವ್ನಲ್ಲ, ಇವ್ನ್ ಮನೇಲಿ ಒಕ್ಕಣೆ ಮಾಡಾಕಿಲ್ವಾ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಇದು ಅವರ ಕಣ, ಕಣದಲ್ಲಿ ಯಾರೂ ಪಾದರಕ್ಷೆ ಹಾಕುವುದಿಲ್ಲ. ಡನ್‌ಫರ್ಡ್ ರಸ್ತೆ ನೋಡಿದರು, ಮುನಿಯಪ್ಪನನ್ನು ನೋಡಿದರು. ಕಣ ಎಲ್ಲಿದೆ ಎಂದು ಕೇಳಿದರು. ರಸ್ತೆಯ ಕೆಳಗೆ, ಎಂದೆ. ಅವರು ಕಾರಿನ ಬಾಗಿಲಿಗೆ ಒರಗಿ, ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿ, ಬರಿಗಾಲಲ್ಲಿ ನಿಂತರು. ಹುರಳಿ ಕಡ್ಡಿ ಚುಚ್ಚುತ್ತದೆ. ಮುಖ ಹುಳ್ಳಗೆ ಮಾಡಿಕೊಂಡು ಕುಂಟುತ್ತ ನಾಲ್ಕು ಹೆಜ್ಜೆ ಬಂದು ಕೇಳಿದರು:

"ಎಷ್ಟು ಸುತ್ತು ಬೇಕು, ಗುರು?"

ಅವರು ಕನ್ನಡ ಕಲಿತದ್ದು ಕಾರ್ಖಾನೆಯ ಕೆಲಸಗಾರರಿಂದ. ಹಾಗಾಗಿ ಎಲ್ಲರೂ ಅವರಿಗೆ ಗುರುವೇ.

ಮುನಿಯಪ್ಪ ನನ್ನ ಕಡೆ ತಿರುಗಿದರು. "ನಾನ್ಯಾವಾಗ ಸಾಮಿ ಇವ್ನಿಗ್ ಗುರು ಆದೆ?" ಎಂದರು. ದೊಣ್ಣೆ ಮಾತ್ರ ಕೆಳಗಿಳಿದಿತ್ತು. ಹುರಳಿಯ ಕಡೆ ನೋಡಿ, "ಅತ್ತು ಸುತ್ತು ಸಾಕು ಅನ್ನಿ," ಎಂದರು.

ಅಲ್ಲಿಂದ ದಿನವೂ ಅದೇ ಪದ್ಧತಿಯಾಯಿತು. ಡನ್‌ಫರ್ಡ್ ತಮ್ಮ ಅಭ್ಯಾಸ ಮುಗಿಸುತ್ತಿದ್ದರು. ಆಮೇಲೆ ಮುನಿಯಪ್ಪನೂ ಸೊಸೆ ಚಿಕ್ಕತಾಯಮ್ಮನೂ ಹುರಳಿ ಹಾಸುತ್ತಿದ್ದರು. ಕಾರು ನಿಧಾನವಾಗಿ ಹುರಳಿಯ ಮೇಲೆ ಹತ್ತು ಸುತ್ತು ಬರುತ್ತಿತ್ತು. ಮುನಿಯಪ್ಪ ರಸ್ತೆಯ ಬದಿ ಕೂತು, ಸುತ್ತಿಗೊಂದರಂತೆ ಜಲ್ಲಿಕಲ್ಲು ಎತ್ತಿ ಮೊರಕ್ಕೆ ಹಾಕಿ ಎಣಿಸುತ್ತಿದ್ದರು. ನಾಲ್ಕು ದಿನ ಕೋಲಲ್ಲಿ ಬಡಿಯಬೇಕಾದ ಹುರಳಿ ಅರ್ಧ ಗಂಟೆಯಲ್ಲಿ ಉದುರುತ್ತಿತ್ತು. ಚಿಕ್ಕತಾಯಮ್ಮನಿಗೆ ಆಗ ಹತ್ತೊಂಬತ್ತು, ತುಂಬಿದ ಬಸುರಿ. ಬಗ್ಗಿ ಬಡಿಯುವ ಕೆಲಸ ತಪ್ಪಿತೆಂದು ಎಲ್ಲರಿಗಿಂತ ಹೆಚ್ಚು ಖುಷಿ ಅವರಿಗೆ. "ಕುಂಟ ದೊರೆ ಇನ್ನೊಂದ್ ವಾರ ಬರ್ಲಿ ಮಾವ, ರಾಗೀನೂ ತುಳಿಸ್ಬುಡಾನ," ಎನ್ನುತ್ತಿದ್ದರು. ತಿರುವಿನ ಆಚೆ, ಅವರ ಹೊಲದಲ್ಲಿ, ತೆನೆ ಕೊಯ್ದ ರಾಗಿ ಹುಲ್ಲಿನ ಮೆದೆ ಎದ್ದಿತ್ತು. ಎತ್ತರ ಹನ್ನೆರಡು ಅಡಿ ಇದ್ದೀತು.

ಕಾರು ತಣ್ಣಗಾಗಲಿ ಎಂದು ಡನ್‌ಫರ್ಡ್ ಮೋರಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತಿದ್ದರು. ಹಾಗೆ ಕೂತ ಇಪ್ಪತ್ತು ಬೆಳಗ್ಗೆಗಳಲ್ಲಿ ಅವರ ಬದುಕೆಲ್ಲ ನನಗೆ ಗೊತ್ತಾಯಿತು. ಅವರು ಅದನ್ನು ವರ್ಷಗಳ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ, ಗಾಡಿಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಮೊದಲು ಮೋಟಾರ್ ಸೈಕಲ್ಲು: ಅಪ್ಪನ ಹೊಲದಲ್ಲಿ ಗೋಧಿ ಕೊಯ್ದ ಮೇಲೆ ಕೂಳೆಯ ನಡುವೆ ಹುಡುಗರು ಗುಂಡಗೆ ಓಡಿಸುತ್ತಿದ್ದ ಪಂದ್ಯ. ಯುದ್ಧ ಮುಗಿದ ಮೇಲೆ ಪುಟ್ಟ ಕಾರು: ಮೋಟಾರ್ ಸೈಕಲ್ಲಿನ ಎಂಜಿನ್ನೇ ಬೆನ್ನ ಹಿಂದೆ, ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತಂತೆ. ಆಮೇಲೆ ಮಡ್‌ಗಾರ್ಡ್ ಇರುವ ಎರಡು ಸೀಟಿನ ಕಾರು: ಇಬ್ಬರು ಸರದಿಯ ಮೇಲೆ ಗಂಟೆಗಟ್ಟಲೆ ಓಡಿಸುವ ಪಂದ್ಯ. ಕೊನೆಗೆ ದೊಡ್ಡ ಕಾರು: ಒಂದೇ ಸೀಟು, ನಾಲ್ಕು ಚಕ್ರವೂ ಬಯಲಿಗೆ. ಆ ಕಾರಿನಲ್ಲಿ ತಾನು ಒಂದೂವರೆ ಪಂದ್ಯ ಓಡಿದ್ದೇನೆ ಎಂದರು. ಎರಡನೆಯ ಪಂದ್ಯದ ಅರ್ಧದಲ್ಲಿ ಗೋಡೆಗೆ ಹೊಡೆದು ಬಲ ಮಂಡಿ ಪುಡಿಯಾಯಿತು. ನಾಲ್ಕು ವರ್ಷ ಯಾವ ಪಂದ್ಯವೂ ಇಲ್ಲ. ಬೆಂಗಳೂರಿಗೆ ಬಂದ ಮೇಲೆ ಮನೆ ಕಾರುಗಳ ಪಂದ್ಯ ಓಡಿದರು, ಬೆಟ್ಟ ಹತ್ತುವ ಪಂದ್ಯ ಓಡಿದರು, ಗೆದ್ದರು. ಅದು ಅವರಿಗೆ ಸಾಕಾಗಿರಲಿಲ್ಲ.

"ಉಳಿದ ಅರ್ಧ ಓಡಬೇಕು. ಗೆಲ್ಲಬೇಕು ಅಂತಿಲ್ಲ. ಓಡಿ ಮುಗಿಸಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮುನಿಯಪ್ಪನಿಗೆ ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ದಿನ ಕೇಳಿದರು: "ಕಾರ್ನಾಗೂ ಜಾತಿ ಐತಾ ಸಾಮಿ?"

"ಐತೆ ಮುನಿಯಪ್ಪ. ಚಕ್ರ ಮುಚ್ಚಿರೋದು ಒಂದು, ಬಯಲಾಗಿರೋದು ಒಂದು. ಎಂಜಿನ್ ಸಣ್ಣದು, ದೊಡ್ಡದು. ಒಂದೊಂದಕ್ಕೂ ಬೇರೆ ಬೇರೆ ಪಂದ್ಯ."

"ಇವ್ರು ಸೇರ್ಕಬೇಕು ಅಂತಿರಾದು ಯಾವ್ದಕ್ಕೆ?"

"ಒಂದೇ ಸೀಟಿನದು. ಒಬ್ಬರೇ ಕೂರೋದು."

"ಒಬ್ನೇ ಕೂರಾದು ಅಂದ್ರೆ ಒಳ್ಳೇ ಜಾತಿ ಅಲ್ಲ ಬುಡಿ," ಎಂದರು ಮುನಿಯಪ್ಪ. "ನಮ್ ಗಾಡೀಲಿ ಎಂಟ್ ಜನ ಕೂತ್ಕತಾರೆ."

ಒಂದೇ ಸೀಟಿನ ಕಾರು ಆಗಲೇ ತಯಾರಾಗಿತ್ತು. ಕಲಾಸಿಪಾಳ್ಯದ ಮೆಕ್ಯಾನಿಕ್ ಜಬ್ಬಾರ್ ಒಂದು ವರ್ಷ ಸಂಜೆಗಳೆಲ್ಲ ಕೂತು ಡನ್‌ಫರ್ಡ್ ಜೊತೆ ಕಟ್ಟಿದ್ದು. ಒಡೆದ ಮನೆ ಕಾರೊಂದರ ಎಂಜಿನ್ನು, ಅದರದೇ ಮುಂದಿನ ಚಕ್ರಗಳು, ಕೊಳವೆ ಬೆಸೆದು ಮಾಡಿದ ಚೌಕಟ್ಟು. ಜನವರಿಯಲ್ಲಿ ಮದ್ರಾಸಿನ ಹತ್ತಿರ ಹಳೆಯ ವಿಮಾನದ ರನ್‌ವೇ ಮೇಲೆ ಪಂದ್ಯವಿತ್ತು. ಆದರೆ ಅದಕ್ಕೆ ಹೆಸರು ಕಳಿಸಬೇಕಾದವರು ಇಲ್ಲಿನ ಮೋಟಾರು ಕ್ಲಬ್ಬಿನವರು. ಕ್ಲಬ್ಬಿನ ಕಾರ್ಯದರ್ಶಿ ವಕೀಲ ನರಸಿಂಹಮೂರ್ತಿ ಒಪ್ಪಿರಲಿಲ್ಲ.

ಅವರು ಒಂದು ಬೆಳಗ್ಗೆ ಸ್ವತಃ ಬಂದು ರಸ್ತೆ ನೋಡಿ ನನಗೆ ಹೇಳಿದರು: "ನೋಡ್ರೀ, ಮನೆ ಕಾರಲ್ಲಿ ಅವರು ಏನ್ ಬೇಕಾದ್ರೂ ಮಾಡ್ಲಿ. ಚಕ್ರ ಬಯಲಾಗಿರೋ ಕಾರಲ್ಲಿ ಪಕ್ಕದವನ ಚಕ್ರಕ್ಕೆ ಚಕ್ರ ತಾಗಿದ್ರೆ ಇಬ್ರೂ ಹೋದ್ರು. ಆ ಮಂಡಿ ಬ್ರೇಕ್ ಮೇಲೆ ಅರ್ಧ ಗಂಟೆ ನಿಲ್ಲುತ್ತಾ? ಅದು ನನಗೆ ಗೊತ್ತಾಗ್ಬೇಕು. ಇಪ್ಪತ್ತು ಸುತ್ತು, ಮೂವತ್ತೆರಡು ನಿಮಿಷದೊಳಗೆ. ಒಂದ್ ಸೆಕೆಂಡ್ ಜಾಸ್ತಿ ಆದ್ರೂ ಹೆಸರು ಕಳಿಸಲ್ಲ. ಆಮೇಲೆ ನನ್ನ ಪೀಡಿಸಬಾರದು."

ಡನ್‌ಫರ್ಡ್ ಒಪ್ಪಿದರು. ದಿನ ಗೊತ್ತಾಯಿತು. ಕ್ಲಬ್ಬಿನಲ್ಲಿದ್ದದ್ದು ಒಂದೇ ಸ್ಟಾಪ್ ವಾಚು; ಅದನ್ನು ನನ್ನ ಕೈಗೆ ಕೊಟ್ಟರು, ರಸ್ತೆ ಅಳೆದವನು, ನಂಬಬಹುದು ಎಂದು. ಸುತ್ತು ಎಣಿಸುವುದು ಯಾರು ಎಂಬ ಮಾತು ಬಂತು. ಡನ್‌ಫರ್ಡ್ ಮುನಿಯಪ್ಪನ ಕಡೆ ಕೈ ತೋರಿಸಿದರು. "ಗುರು. ಮೂರು ವಾರದಲ್ಲಿ ಒಂದು ಸಲವೂ ತಪ್ಪಿಲ್ಲ." ನರಸಿಂಹಮೂರ್ತಿ ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ. ಉಳಿದ ಮೂರು ತಿರುವುಗಳಿಗೆ ಕ್ಲಬ್ಬಿನ ಮೂವರು ಬಾವುಟ ಹಿಡಿದು ನಿಲ್ಲುವುದು ಎಂದಾಯಿತು.

ಆ ಭಾನುವಾರ ಧನುರ್ಮಾಸದ ಮೂರನೆಯ ದಿನ. ಅಮ್ಮ ಮುಂಜಾನೆಯೇ ಪೂಜೆ ಮಾಡಿ ಹುಗ್ಗಿಯ ಡಬ್ಬಿ ಕಟ್ಟಿಕೊಟ್ಟಿದ್ದಳು. ನಾನು ತಲುಪುವಷ್ಟರಲ್ಲಿ ಮುನಿಯಪ್ಪ ಕಣದ ಜಾಗವನ್ನು ಗುಡಿಸಿ ನೀರು ಚಿಮುಕಿಸಿದ್ದರು. ಒಗೆದ ಪಂಚೆ, ತಲೆಗೆ ಬಿಳಿ ರುಮಾಲು. ರಸ್ತೆಯ ಅಂಚಿನಲ್ಲಿ ಸಗಣಿಯ ಬೆನಕನನ್ನು ಮಾಡಿ ಗರಿಕೆ ಸಿಕ್ಕಿಸಿದ್ದರು. ಮುಂದೆ ಖಾಲಿ ಮೊರ, ಪಕ್ಕದಲ್ಲಿ ಜಲ್ಲಿಯ ಗುಡ್ಡೆ. ಅವರು ಕೂತದ್ದು ನನ್ನಿಂದ ಆರು ಹೆಜ್ಜೆ ದೂರ. ಮೊರದಲ್ಲಿ ಇಪ್ಪತ್ತು ಕಲ್ಲು ಆದ ಕೂಡಲೇ ಕೂಗಬೇಕು, ನಾನು ವಾಚು ನಿಲ್ಲಿಸಬೇಕು, ನರಸಿಂಹಮೂರ್ತಿ ಕೆಂಪು ಬಟ್ಟೆ ಬೀಸಬೇಕು. ಹಾಗೆ ಮಾತಾಗಿತ್ತು.

ಏಳು ಇಪ್ಪತ್ತಕ್ಕೆ ಕಾರು ಹೊರಟಿತು; ಆ ಹೊತ್ತನ್ನು ಫೀಲ್ಡ್ ಬುಕ್ಕಿನಲ್ಲಿ ಬರೆದು ವಾಚು ಒತ್ತಿದೆ. ಒಂದು ಕೊಳವೆಯ ಹಾಗಿದ್ದ ಕಾರು. ಅದರೊಳಗೆ ಎದೆಯವರೆಗೆ ಹುದುಗಿ ಕೂತ ಮನುಷ್ಯ, ತಲೆಗೆ ಬಿಳಿ ಹೆಲ್ಮೆಟ್ಟು. ಎಂಜಿನ್ನಿಗೆ ಹಾಕಿದ್ದ ಹರಳೆಣ್ಣೆ ಸುಟ್ಟ ಘಾಟು ಮಂಜಿನಲ್ಲಿ ಉಳಿಯಿತು. ಮೊದಲನೆಯ ಸುತ್ತು ಮುಗಿಸಿ ಕಾರು ನನ್ನೆದುರು ಹಾದಾಗ ನಾನು ವಾಚು ನೋಡಿ ಫೀಲ್ಡ್ ಬುಕ್ಕಿನಲ್ಲಿ ನಿಮಿಷ, ಸೆಕೆಂಡು ಬರೆದೆ. ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಕಂಡದ್ದನ್ನು ಬರೆದಿಡುವುದು ನನ್ನ ಕೆಲಸದ ಅಭ್ಯಾಸ. ಆದರೆ ಸಾಲುಗಳಿಗೆ ಸಂಖ್ಯೆ ಹಾಕಲಿಲ್ಲ. ಎಣಿಕೆ ಮುನಿಯಪ್ಪನದು, ಅದರಲ್ಲಿ ನಾನೇಕೆ ಕೈ ಹಾಕಲಿ ಎಂದುಕೊಂಡೆ.

ಬರೆದು ತಲೆಯೆತ್ತಿದಾಗ ಇನ್ನೊಂದನ್ನು ಕಂಡೆ. ಮುನಿಯಪ್ಪ ಗುಡ್ಡೆಯಿಂದ ಒಂದು ಕಲ್ಲು ಎತ್ತಿ, ಹಣೆಗೊತ್ತಿಕೊಂಡು, ಬೆನಕನ ಮುಂದೆ ಇಟ್ಟರು. ಮೊರಕ್ಕೆ ಹಾಕಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಕಂಡೆ. ಭಕ್ತಿ ಎಂದುಕೊಂಡೆ. ಕಣ್ಣಿಗೆ ಕಂಡಿತು, ಅರ್ಥವಾಗಲಿಲ್ಲ.

ಸುತ್ತಿನ ಮೇಲೆ ಸುತ್ತು ಬಂತು. ಮಂಜು ಇಳಿಯಿತು. ನನ್ನ ಸಾಲುಗಳು ಒಂದರ ಕೆಳಗೊಂದು ಇಳಿದವು. ಪ್ರತಿ ಸುತ್ತೂ ಒಂದೂವರೆ ನಿಮಿಷಕ್ಕೆ ಮೂರು ನಾಲ್ಕು ಸೆಕೆಂಡು ಹೆಚ್ಚು, ಅಷ್ಟೆ. ಮಂಡಿ ನಿಂತಿತ್ತು. ಜಬ್ಬಾರ್ ತುಟಿ ಅಲ್ಲಾಡಿಸುತ್ತ ನಿಂತಿದ್ದ. ನರಸಿಂಹಮೂರ್ತಿ ತಮ್ಮ ಕೈಗಡಿಯಾರ ನೋಡಿ, ಕೈಯಲ್ಲಿದ್ದ ಕೆಂಪು ಬಟ್ಟೆ ಸರಿಮಾಡಿಕೊಂಡು, "ಇನ್ನೆಷ್ಟಪ್ಪಾ?" ಎಂದರು.

ಮುನಿಯಪ್ಪ ಮೊರದಿಂದ ಕಣ್ಣೆತ್ತದೆ, "ಕಣದಾಗೆ ಮಾತಾಡ್ಬ್ಯಾಡಿ ಸಾಮಿ," ಎಂದರು.

ಕಾರು ಬಂತು. ವಾಚು ಮೂವತ್ತೊಂದು ನಿಮಿಷ ಹತ್ತು ಸೆಕೆಂಡು ತೋರಿಸಿತು. ಬರೆದೆ. ಕೂಗು ಬರಲಿಲ್ಲ, ಬಟ್ಟೆ ಬೀಸಲಿಲ್ಲ, ಕಾರು ನಿಧಾನಿಸದೆ ಮೋರಿ ದಾಟಿ ಎಡಕ್ಕೆ ತಿರುಗತೊಡಗಿತು. ಬಲಗಡೆಯ ಮುಂದಿನ ಚಕ್ರ ಕಾರನ್ನು ಬಿಟ್ಟಿತು. ಒಡೆದ ಸದ್ದು ಕೇಳಿತೇ ಎಂದು ಹಲವರು ಕೇಳಿದ್ದಾರೆ. ನನಗೆ ಯಾವ ಸದ್ದೂ ನೆನಪಿಲ್ಲ. ಚಕ್ರ ತನ್ನಷ್ಟಕ್ಕೆ ತಾನು, ಯಾರೋ ಕಳಿಸಿದ ಹಾಗೆ, ನೆಟ್ಟಗೆ ಹೊರಟಿತು. ಕಾರು ಮೂಗೂರಿ ತಿರುವು ಬಿಟ್ಟು ನೇರವಾಗಿ ಹೊಲಕ್ಕೆ ನುಗ್ಗಿ ರಾಗಿ ಹುಲ್ಲಿನ ಮೆದೆಯೊಳಗೆ ಹೊಕ್ಕಿತು. ಮೆದೆ ಅದರ ಮೇಲೆ ಕುಸಿಯಿತು. ಮೆದೆಯ ಈಚೆ, ಹುಲ್ಲು ಹಿರಿಯಲು ಬಂದಿದ್ದ ಚಿಕ್ಕತಾಯಮ್ಮ ಕುಕ್ಕೆ ಹಿಡಿದು ನಿಂತಿದ್ದರು. ಚಕ್ರ ಅವರ ಕಡೆಗೇ ಹೋಯಿತು. ಅವರು ಅಲ್ಲಾಡಲಿಲ್ಲ. ಚಕ್ರ ಅವರನ್ನು ದಾಟಿ ಅವರೆ ಸಾಲಿನಲ್ಲಿ ನೂರು ಗಜ ಓಡಿ ಬಿತ್ತು.

ನಾನು ಓಡಿದೆ ಎಂದು ಆಮೇಲೆ ಕೆಲವರು ಬರೆದರು, ಹೇಳಿದರು. ನಾನು ಓಡಲಿಲ್ಲ. ಕಟ್ಟೆಯ ಮೇಲೆ ನಿಂತೇ ಇದ್ದೆ. ಓಡಿದವನು ಜಬ್ಬಾರ್. ಅವನ ಹಿಂದೆ ನರಸಿಂಹಮೂರ್ತಿ, ಕೆಂಪು ಬಟ್ಟೆ ಕೈಯಲ್ಲೇ. ಆಮೇಲೆ ನಾನು ಇಳಿದೆ. ಮೊದಲು ಹೋದದ್ದು ಚಿಕ್ಕತಾಯಮ್ಮನ ಹತ್ತಿರ. ಅವರು ಕುಕ್ಕೆ ಕೆಳಗಿಟ್ಟು, "ದೊರೇನ ನೋಡಿ ಓಗಿ ಸಾಮಿ, ನಂಗೇನಾಗೈತೆ," ಎಂದರು. ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡಿದ್ದರು.

ಹುಲ್ಲು ಸರಿಸಿದಾಗ ಡನ್‌ಫರ್ಡ್ ಸೀಟಿನಲ್ಲೇ ಕೂತಿದ್ದರು. ಬಾಯೊಳಗೆ, ಕಿವಿಯೊಳಗೆ ಹುಲ್ಲು. ತುಟಿ ಒಡೆದಿತ್ತು. ಮೊದಲು ಕೆಮ್ಮಿದರು, ಆಮೇಲೆ ಕೇಳಿದರು: "ಎಷ್ಟಾಯಿತು?"

ನರಸಿಂಹಮೂರ್ತಿ ಉಸಿರು ಸುಧಾರಿಸಿಕೊಂಡು, ಮೆಲ್ಲಗೆ, ನಿಜವಾಗಿ ನೊಂದುಕೊಂಡೇ ಹೇಳಿದರು: "ಹತ್ತೊಂಬತ್ತು. ಮೊರದಲ್ಲಿ ಹತ್ತೊಂಬತ್ತಿದೆ. ಓಡಿ ಮುಗಿಸಲಿಲ್ಲ, ಮಿಸ್ಟರ್ ಡನ್‌ಫರ್ಡ್."

ಡನ್‌ಫರ್ಡ್ ತಲೆಯಾಡಿಸಿ ಹೆಲ್ಮೆಟ್ಟು ಬಿಚ್ಚಿದರು. ಅವರ ಮುಖ ಆಗ ಹೇಗಿತ್ತೆಂದು ನಾನು ಬರೆಯುವುದಿಲ್ಲ. ನೋಡಲಾರದೆ ನಾನು ಫೀಲ್ಡ್ ಬುಕ್ಕಿನ ಕಡೆ ನೋಡಿದೆ. ಸಾಲುಗಳನ್ನು ಪೆನ್ಸಿಲ್ ತುದಿಯಿಂದ ಎಣಿಸಿದೆ. ಮತ್ತೆ ಎಣಿಸಿದೆ. ಮೂರನೆಯ ಸಲ ಕೆಳಗಿನಿಂದ ಮೇಲಕ್ಕೆ ಎಣಿಸಿದೆ.

"ಇಪ್ಪತ್ತು," ಎಂದೆ. "ಇಪ್ಪತ್ತನೆಯದು ಮೂವತ್ತೊಂದು ನಿಮಿಷ ಹತ್ತು ಸೆಕೆಂಡು. ಚಕ್ರ ಹೋದದ್ದು ಇಪ್ಪತ್ತೊಂದನೆಯ ಸುತ್ತಿನಲ್ಲಿ."

ನರಸಿಂಹಮೂರ್ತಿ ವಕೀಲರಾದರು. "ಕೊಡ್ರೀ ಇಲ್ಲಿ. ಇದು ಯಾವಾಗ ಬರೆದಿದ್ದು? ಈಗಲಾ, ಆಗಲಾ?"

"ಕಾರು ಹಾದ ಹಾಗೆ ಬರೆದದ್ದು."

ಅವರು ಬೆರಳಿಟ್ಟು ಎಣಿಸಿದರು. "ಇಪ್ಪತ್ತೊಂದು ಸಾಲಿದೆಯಲ್ರೀ."

"ಮೊದಲನೆಯದು ಹೊರಟ ಹೊತ್ತು. ಅದು ಲೆಕ್ಕಕ್ಕಿಲ್ಲ."

ಎಲ್ಲರೂ ರಸ್ತೆಗೆ ಬಂದೆವು. ಮುನಿಯಪ್ಪ ಇನ್ನೂ ಮೊರದ ಮುಂದೆ ಕೂತೇ ಇದ್ದರು. ಎದ್ದರೆ ಎಣಿಕೆ ಕೆಡುತ್ತದೆ ಎಂಬಂತೆ. ನಾನು ಬೆನಕನ ಮುಂದಿದ್ದ ಕಲ್ಲನ್ನು ತೋರಿಸಿ, ಇದು ಏನು ಎಂದೆ.

"ಅದು ದ್ಯಾವ್ರುದು," ಎಂದರು. "ರಾಶಿ ಅಳೆಯುವಾಗ ಮೊದಲ್ನೇ ಬಳ್ಳ ದ್ಯಾವ್ರಿಗೆ ತೆಗೆದಿಕ್ಕಿ ಆಮ್ಯಾಕೆ ತಾನೆ ಒಂದು ಅನ್ನಾದು? ನಮ್ ಲೆಕ್ಕ ಅದ್ರಿಂದೀಚ್ಗೆ. ಯಾಕ್ ಸಾಮಿ, ನಿಮ್ ಕಡೆ ಅಂಗಲ್ವಾ?"

ಆಗ ಹೊಳೆಯಿತು. ಮೂರು ವಾರವೂ ಹತ್ತು ಸುತ್ತು ಎಂದು ಡನ್‌ಫರ್ಡ್ ಹುರಳಿಯ ಮೇಲೆ ಓಡಿಸಿದ್ದು ಹನ್ನೊಂದು. ಯಾರಿಗೂ ಗೊತ್ತಾಗಿರಲಿಲ್ಲ. ಹುರಳಿಗೆ ಒಂದು ಸುತ್ತು ಹೆಚ್ಚಾದರೆ ಯಾರು ಕೇಳುತ್ತಾರೆ?

ನಮ್ಮ ಮುಖ ನೋಡಿ ಮುನಿಯಪ್ಪನಿಗೂ ಅರ್ಥವಾಯಿತು. ಅವರು ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. "ಅಂಗಾರೆ ಆ ಸುತ್ತು ಇರ್ಲೇಬಾರ್ದಿತ್ತು. ನನ್ ಸೊಸೆ... ದೊರೆ... ನನ್ ಕೈಯಾಗೇ ಇಬ್ರು ಓಗಿರೋರು," ಎಂದರು. ನನಗೂ ಹೇಳಬೇಕಾದದ್ದು ಇತ್ತು. ಕಲ್ಲು ಬೆನಕನ ಮುಂದಿಟ್ಟದ್ದನ್ನು ಕಂಡು ಸುಮ್ಮನಿದ್ದವನು ನಾನು. ಇಪ್ಪತ್ತು ಸಾಲು ಬರೆದು ಒಂದು ಸಲವೂ ಎಣಿಸದವನು ನಾನು. ಹೇಳಿದೆ. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು.

ಅಷ್ಟು ಹೊತ್ತಿಗೆ ಜಬ್ಬಾರ್ ಅವರೆ ಹೊಲದಿಂದ ಚಕ್ರ ಹೊತ್ತು ತಂದ. ಚಕ್ರ ಕೂರುವ ಉಕ್ಕಿನ ಗೂಟ ತುಂಡಾಗಿ ಅರ್ಧ ಅದರೊಳಗೇ ಉಳಿದಿತ್ತು. ಮುರಿದ ಮುಖವನ್ನು ಅಂಗಿಯಿಂದ ಒರೆಸಿ ಡನ್‌ಫರ್ಡ್‌ಗೆ ತೋರಿಸಿದ.

"ಸಾಬ್, ನೋಡಿ. ಅರ್ಧ ಕಪ್ಪು, ಅರ್ಧ ಬಿಳಿ. ಬಿಳಿ ಇವತ್ತಿಂದು. ಕಪ್ಪು ಯಾವತ್ತಿಂದೋ. ನಾವು ಹಾಕೋ ಮುಂಚೆನೇ ಬಿರುಕು ಇತ್ತು, ಸಾಬ್. ನಾನು ನೋಡ್ಲಿಲ್ಲ."

ನಾನೂ ನೋಡಿದೆ. ಅರ್ಧಚಂದ್ರದಷ್ಟು ಭಾಗ ಹಳೆಯ ತುಕ್ಕಿನ ಕಪ್ಪು, ಉಳಿದದ್ದು ಸಕ್ಕರೆಯ ಹರಳಿನ ಹಾಗೆ ಹೊಳೆಯುವ ಹೊಸ ಮುರಿತ. ಡನ್‌ಫರ್ಡ್ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಇಪ್ಪತ್ತಕ್ಕೆ ನಿಂತಿದ್ದರೆ ಗೂಟ ಉಳಿದಿರುತ್ತಿತ್ತು. ಕಾರನ್ನು ಲಾರಿಗೆ ಹಾಕಿ ಮದ್ರಾಸಿಗೆ ಒಯ್ಯುತ್ತಿದ್ದರು. ಅಲ್ಲಿ ರನ್‌ವೇ ಮೇಲೆ ವೇಗ ಇದರ ಎರಡರಷ್ಟು, ಪಕ್ಕದಲ್ಲಿ ಹತ್ತು ಕಾರು, ತಿರುವಿನ ಆಚೆ ರಾಗಿ ಹುಲ್ಲು ಇಲ್ಲ.

ಅವರು ಬೂಟು ಬಿಚ್ಚಿದರು. ಬರಿಗಾಲಲ್ಲಿ ಮುನಿಯಪ್ಪನ ಹತ್ತಿರ ಹೋಗಿ, ಕೆಟ್ಟ ಮಂಡಿಯನ್ನು ಪಕ್ಕಕ್ಕೆ ಚಾಚಿ, ನೆಲದ ಮೇಲೆ ಕೂತು ಆ ಉಕ್ಕಿನ ತುಂಡನ್ನು ಅವರ ಕೈಗಿಟ್ಟರು. "ಓವರ್ಸಿಯರ್, ಸರಿಯಾಗಿ ಹೇಳಿ ಇವರಿಗೆ," ಎಂದರು. ನಾನು ಸರಿಯಾಗಿ ಹೇಳಿದೆ: ಕಪ್ಪು ಯಾವುದು, ಬಿಳಿ ಯಾವುದು, ಮದ್ರಾಸಿನಲ್ಲಿ ಏನಾಗುತ್ತಿತ್ತು. ಮುನಿಯಪ್ಪ ತುಂಡನ್ನು ತಿರುಗಿಸಿ ನೋಡಿದರು, ಹೆಬ್ಬೆರಳಿಂದ ಕಪ್ಪನ್ನು ಉಜ್ಜಿದರು. ಎತ್ತಿನ ಗಾಡಿಯ ಅಚ್ಚು ಮುರಿದದ್ದನ್ನು ಕಂಡವರು, ಹೆಚ್ಚು ವಿವರಿಸಬೇಕಾಗಲಿಲ್ಲ.

"ಅಳೇ ಬಿರುಕು," ಎಂದರು.

"ಹೌದು, ಗುರು," ಎಂದರು ಡನ್‌ಫರ್ಡ್.

ನರಸಿಂಹಮೂರ್ತಿ ಫೀಲ್ಡ್ ಬುಕ್ಕನ್ನು ನನಗೆ ವಾಪಸು ಕೊಟ್ಟರು. "ನಾನು ಕೇಳಿದ್ದು ಮಂಡಿ ನಿಲ್ಲುತ್ತಾ ಅಂತ. ನಿಂತಿದೆ. ಗೂಟ ನಿಲ್ಲುತ್ತಾ ಅಂತ ಕೇಳಿರಲಿಲ್ಲ. ಹೆಸರು ಕಳಿಸ್ತೀನಿ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಮುನಿಯಪ್ಪನ್ನ ಏನಂತೀರಿ ಓವರ್ಸಿಯರೇ, ನೀವೂ ಮೊದಲನೇದು ಬಿಟ್ಟೇ ಎಣಿಸೋರು," ಎಂದು ನಕ್ಕರು.

ಹುಗ್ಗಿಯ ಡಬ್ಬಿ ಬಿಚ್ಚಿದೆವು. ಚಿಕ್ಕತಾಯಮ್ಮ ಮನೆಯಿಂದ ಮುದ್ದೆಯನ್ನೂ ಹಿತಕಿದವರೆ ಸಾರನ್ನೂ ತಂದರು. ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದೆವು. ಡನ್‌ಫರ್ಡ್ ಮುದ್ದೆ ಅಗಿದರು. ನುಂಗಬೇಕು ಎಂದು ಜಬ್ಬಾರ್ ಕಲಿಸಿದ.

ಎರಡು ಹೊಸ ಗೂಟಗಳನ್ನು ಕಾರ್ಖಾನೆಯಲ್ಲಿ ಕಡೆಸಿದರು. ಜನವರಿಯಲ್ಲಿ ಮದ್ರಾಸಿಗೆ ನಾನೂ ಜಬ್ಬಾರನೂ ಲಾರಿಯಲ್ಲಿ ಹೋದೆವು. ಹನ್ನೊಂದು ಕಾರುಗಳಲ್ಲಿ ಡನ್‌ಫರ್ಡ್ ಐದನೆಯವರಾಗಿ ಬಂದರು. ಓಡಿ ಮುಗಿಸಿದರು. ಕಾರಿನಿಂದಿಳಿದು ನಮ್ಮಿಬ್ಬರ ಕೈ ಕುಲುಕಿದರು, ಅಷ್ಟೆ. ಅದಾದ ಮೇಲೆ ಒಂದೇ ಸೀಟಿನ ಕಾರನ್ನು ಮತ್ತೆರಡು ವರ್ಷ ಓಡಿಸಿದರು. ಆಮೇಲೆ ಊರಿಂದೂರಿಗೆ ಓಡುವ ರ‍್ಯಾಲಿಗಳಿಗೆ ಹೋದರು, ಜಬ್ಬಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅರವತ್ತೇಳರಲ್ಲಿ ತಮ್ಮ ಊರಿಗೆ ಮರಳಿ ಹುಡುಗರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಹಾಸಿಗೆಯಲ್ಲಿ, ನಿದ್ದೆಯಲ್ಲಿ, ತೀರಿಕೊಂಡರೆಂದು ಅವರ ಮಗಳು ಕಾಗದ ಬರೆದಿದ್ದಳು.

ಹಲ್ಲು ಕೀಳಿಸಿಕೊಂಡು ಕೆಳಗಿಳಿದವನು ಆಟೋ ಹಿಡಿದು ಸಾರಕ್ಕಿಗೆ ಹೋದೆ. ಚಿಕ್ಕತಾಯಮ್ಮನಿಗೆ ಈಗ ಆರು ಬಾಡಿಗೆ ಮನೆಗಳಿವೆ. ಜಗಲಿಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದರು. ನಾನು ಬರೆಯುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ಚಕ್ರ ಕಳಚಿದ ಮರುದಿನ, ಸೋಮವಾರ, ನಾನು ಟೇಪು ಹಿಡಿದು ಅಳೆದಿದ್ದೆ: ಅವರ ಹೆಜ್ಜೆ ಗುರುತಿಗೂ ಚಕ್ರದ ಗೀರಿಗೂ ನಡುವೆ ಮೂರು ಅಡಿ ಎಂಟು ಅಂಗುಲ.

"ಅದೆಲ್ಲ ಬುಡಿ ಸಾಮಿ," ಎಂದರು. "ಗಾಲಿ ನನ್ ಸೀರೆ ನೆರಿಗೆ ಸವರ್ಕಂಡ್ ಓಯ್ತು."

"ಅಳೆದಿದ್ದೀನಿ, ಚಿಕ್ಕತಾಯಮ್ಮ."

"ಅಳೆದಿದ್ದು ನೀವು. ನಿಂತಿದ್ದು ನಾನು."

ಎರಡನ್ನೂ ಬರೆದಿದ್ದೇನೆ. ಮುನಿಯಪ್ಪ, ನರಸಿಂಹಮೂರ್ತಿ, ಜಬ್ಬಾರ್ ಈಗಿಲ್ಲ. ಬೇರೆ ತಿರುವುಗಳಲ್ಲಿ ನಿಂತಿದ್ದ ಕ್ಲಬ್ಬಿನ ಮೂವರು ಇದನ್ನು ಕಂಡವರಲ್ಲ. ಕಣ್ಣಾರೆ ಕಂಡು ಇಂದಿಗೂ ಇರುವವರು ನಾನು, ಮತ್ತು ಸಾರಕ್ಕಿಯ ಚಿಕ್ಕತಾಯಮ್ಮ. ಅವರ ಹಿರಿಯ ಮಗ ಕೃಷ್ಣಪ್ಪ ತಾನೂ ಅಲ್ಲಿದ್ದೆ ಎಂದು ಬಾಡಿಗೆದಾರರಿಗೆಲ್ಲ ಹೇಳುತ್ತಾನೆ. ಇದ್ದದ್ದು ನಿಜ, ಹುಟ್ಟಿದ್ದು ಫೆಬ್ರವರಿಯಲ್ಲಿ.